ಹರವಿಯ ಮೇಲಿನ ಶಿಲುಬೆ

ಮೊರಬದ ಬಾಜುವಿನ ನಮ್ಮೂರು
೧೦ ನವೆಂಬರ್ ೧೯೮೫, ರವಿವಾರ

ಸ್ವಸ್ತಿ ಶ್ರೀಮತ್ ಸಮಸ್ತ ಸೂಜಿ-ಸಿರಿಂಜ್ ಸಾಮ್ರಾಜ್ಯ ಧುರಂಧರೆ, ಥರ್ಮಾಮೀಟರ್ ಚಕ್ರವರ್ತಿನಿ, ಬಿಳಿ ಟೊಪ್ಪಿಗೆ ಬಿಳಿ ಬೂಟುಗಳ ಬಿರುದಾಂಕಿತೆ, ಹುಬ್ಬಳ್ಳಿಯ ಆಸ್ಪತ್ರೆಯ ಮೂರನೇ ವಾರ್ಡಿನ ಏಕಚ್ಛತ್ರಾಧಿಪತಿ, ಮೂಗು ಹಿಡಿದು ಕಹಿ ಔಷಧ ಕುಡಿಸುವಲ್ಲಿ ಪ್ರಚಂಡ ಪ್ರತಾಪಿ, ನನ್ನ ಏಕೈಕ ಅಕ್ಕ ಕರುಣವ್ವ ಮಹಾರಾಣಿಯವರ ಪಾದಾರವಿಂದಗಳ ಸನ್ನಿಧಾನಕ್ಕೆ—

ಎಂಟು ಮನೆಗಳ ಕ್ರೈಸ್ತ ಮಹಾಸಾಮ್ರಾಜ್ಯದ ಯುವರಾಜನೂ, ಪಿ.ಯು.ಸಿ. ಪರೀಕ್ಷೆಯ ಮೇಲೆ ಎರಡು ಸಲ ದಂಡೆತ್ತಿ ಹೋಗಿ ಎರಡು ಸಲವೂ ಬರಿಗೈಲಿ ಕ್ಷೇಮವಾಗಿ ಮರಳಿದವನೂ, ಸದ್ಯ ಮೊರಬದ ಹಿಟ್ಟಿನ ಗಿರಣಿಯಲ್ಲಿ ಅಡಿಯಿಂದ ಮುಡಿಯವರೆಗೆ ಬೆಳ್ಳಗೆ ವಿರಾಜಮಾನನೂ ಆದ ನಿನ್ನ ತಮ್ಮ ಸಮಾಧಾನಪ್ಪನು ಸಾಷ್ಟಾಂಗ ಬಿದ್ದು, ಹಿಟ್ಟು ಝಾಡಿಸಿಕೊಂಡು ಎದ್ದು, ಮಾಡಿಕೊಳ್ಳುವ ವಿಜ್ಞಾಪನೆ:

ನಾವು ಕ್ಷೇಮ. ನೀನೂ ಕ್ಷೇಮವೆಂದು ನಂಬಿದ್ದೇವೆ. ನೀನು ಹೋಗಿ ಐವತ್ತು ದಿನವಾದರೂ ಒಂದು ಸಾಲು ಬರೆಯದೆ, ನಂಬುವ ಕೆಲಸವನ್ನು ಪೂರಾ ನಮಗೇ ಬಿಟ್ಟಿದ್ದೀಯ.

ಮೊದಲು ರಾಜ್ಯದ ವರ್ತಮಾನ. ವಾಂತಿಭೇದಿ ಊರು ಬಿಟ್ಟು ಹೋಯಿತು, ನೀನು ಕಲಿಸಿದ ಗುರುತು ಹೋಗಿಲ್ಲ. ಸೆಪ್ಟೆಂಬರಿನಲ್ಲಿ ರಜೆ ಹಾಕಿ ಓಡಿ ಬಂದು, ಚರ್ಚಿನ ಬಾಕು-ಬೆಂಚುಗಳನ್ನು ಜೋಡಿಸಿ ಆಸ್ಪತ್ರೆ ಮಾಡಿ, ಮನೆಮನೆಗೆ ಹೋಗಿ “ಕೆರಿ ನೀರು ಕುದಿಸದ ಕುಡೀಬ್ಯಾಡ್ರಿ. ಕುದಿಸಿದ ನೀರಿನ ಹರವಿಗೆ ಸುಣ್ಣದ ಗುರ್ತು ಹಾಕ್ರಿ. ಗುರ್ತಿಲ್ಲದ್ದು ಮುಟ್ಟಬ್ಯಾಡ್ರಿ” ಎಂದು ಸಾರಿದ್ದೆಯಲ್ಲ, ಊರು ಅದನ್ನೊಂದು ಧರ್ಮವನ್ನಾಗಿ ಮಾಡಿಕೊಂಡಿದೆ. ನಮ್ಮ ಎಂಟು ಮನೆಯ ಹರವಿಗಳಿಗೆ ಶಿಲುಬೆ. ಅಂದಾನೆಪ್ಪಗೌಡರ ಮನೆಯ ಹರವಿಗೆ ಮೂರು ಅಡ್ಡಗೆರೆ, ಸಾಕ್ಷಾತ್ ವಿಭೂತಿ. ಹಸನಬಿ ಚಿಕ್ಕಮ್ಮ ನನ್ನನ್ನು ಕರೆದು, “ಏ ಸಮ್ಯಾ, ನಿಮ್ಮ ಗುರ್ತು ನಮ್ಮ ಹರವಿ ಮ್ಯಾಲೆ ಬರದ್ರ ನಮ್ಮ ಮುದುಕ ನೀರ ಕುಡಿಯಾಂಗಿಲ್ಲೋ. ಒಂದು ಚಂದ್ರಾಮನ್ನ ಬರದು ಕೊಡು” ಎಂದಳು. ಬರೆದೆ. ನೋಡಿ, “ಎಲಾ ಇವನ, ಬಾಳಿಹಣ್ಣ ಬರದಿಯಲ್ಲೋ!” ಎಂದಳು. ಈಗ ಆ ಮನೆಯಲ್ಲಿ ಬಾಳೆಹಣ್ಣಿನ ಗುರುತಿನ ನೀರನ್ನೇ ಕುಡಿಯುತ್ತಿದ್ದಾರೆ.

ನಮ್ಮ ಮನೆಯ ಹರವಿಗೆ ಮಾತ್ರ ಈಗ ಗುರುತಿಲ್ಲ. ನಾನೇ ತೊಳೆದು ಹಾಕಿದೆ. ಹೆದರಬೇಡ, ನೀರನ್ನು ಕುದಿಸುತ್ತೇನೆ. ಮೂರು ಸಲ ಕುದಿಸುತ್ತೇನೆ. ನಿನ್ನೆ ಅಪ್ಪ, “ಸಾಕ ಬಿಡಪಾ, ನೀರ ಸುಡತಿಯೇನು?” ಎಂದ. ಐವತ್ತು ದಿನದಲ್ಲಿ ಅಪ್ಪ ನನ್ನೊಂದಿಗೆ ಆಡಿದ ಅತಿ ಉದ್ದದ ಮಾತು ಅದೇ.

ದಾನಿಯ ವಿಷಯ ಬರೆಯುವುದಿಲ್ಲ ಎಂದು ಆಣೆ ಮಾಡಿ ಕೂತಿದ್ದೆ. ಬರೆದೇ ಬಿಟ್ಟೆ. ನಮ್ಮ ಎಂಟು ವರ್ಷದ ಕಿರಿ ತಮ್ಮ, ನನ್ನ ಆಜನ್ಮ ಶತ್ರು, ನನ್ನ ಚಪ್ಪಲಿಯಲ್ಲಿ ಕಪ್ಪೆ ಇಡುತ್ತಿದ್ದ ದಾನಿಯೇಲ ಮಹಾರಾಜರು ಅವ್ವನ ಗೋರಿಯ ಬಾಜು ತೆಪ್ಪಗಿದ್ದಾರೆ. ಮಣ್ಣು ಇನ್ನೂ ಕೂತಿಲ್ಲ. ಕಪ್ಪು ಎರಿಮಣ್ಣು ನೋಡು, ಒಣಗಿದ ಹಾಗೆಲ್ಲ ಬಿರಿಯುತ್ತದೆ.

ಕ್ರಿಸ್ಮಸ್‌ಗೆ ಬಾ. ಇದು ರಾಜಾಜ್ಞೆ.

ಇಂತಿ ತಮ್ಮ ಪಾದದ ಧೂಳಿಗಿಂತ ತುಸು ಬೆಳ್ಳಗಿರುವ,
ಸಮಾಧಾನಪ್ಪ ಯೋಹಾನಪ್ಪ, ಯುವರಾಜ


ಹುಬ್ಬಳ್ಳಿ
೨೮ ನವೆಂಬರ್ ೧೯೮೫

ಸಮ್ಯಾ,

ನಿನ್ನ ಪತ್ರ ಬಂತು. ನಮ್ಮ ಕೋಣೆಯ ಹುಡುಗಿಯರು ಓದಿ ಬಿದ್ದು ಬಿದ್ದು ನಕ್ಕರು. ನನಗೆ ನಗು ಬರಲಿಲ್ಲ. ಬೈಯುತ್ತಿಲ್ಲ, ಇದ್ದದ್ದು ಹೇಳಿದೆ.

ಮೊನ್ನೆ ವಾರ್ಡಿಗೆ ಒಬ್ಬ ಹುಡುಗ ಬಂದ. ಏಳೆಂಟು ವರ್ಷದವನು, ಕಣ್ಣು ಒಳಗೆ ಹೋಗಿದ್ದವು. ನಾನು ಸೂಜಿ ಹಿಡಿದೆ. ನರ ಸಿಗಲಿಲ್ಲ. ನರ ಅಲ್ಲೇ ಇತ್ತು, ನನ್ನ ಕೈ ಅಲ್ಲಿರಲಿಲ್ಲ. ಮೂರು ಸಲ ಚುಚ್ಚಿದೆ. ಅವನ ತಾಯಿ ನನ್ನ ಮುಖ ನೋಡಿದಳು. ದೊಡ್ಡ ಸಿಸ್ಟರ್ ಬಂದು ಸೂಜಿ ಇಸಿದುಕೊಂಡು, “ಹೊರಗ ಹೋಗಿ ಕೂಡು” ಎಂದರು. ಹುಡುಗ ಬದುಕಿದ. ನನ್ನಿಂದಲ್ಲ.

ನನ್ನನ್ನು ಈ ಕೆಲಸದಿಂದ ಬಿಡಿಸಿರಿ ಎಂದು ಮೇಟ್ರನ್ ಅಮ್ಮನಿಗೆ ಬರೆದು ಕೊಟ್ಟಿದ್ದೇನೆ. “ಅವಸರ ಬ್ಯಾಡ, ಈಸ್ಟರ್ ಆಗಲಿ. ಆಗೂ ಇದ ಮನಸ್ಸು ಇದ್ದರ ಏಪ್ರಿಲ್ ಹದಿನೈದಕ್ಕ ಬಿಡತೇನಿ” ಎಂದಿದ್ದಾರೆ. ಟೈಪಿಂಗ್ ಕಲಿಯುತ್ತೇನೆ. ಯಾರ ಮೈಯನ್ನೂ ಮುಟ್ಟದ ಕೆಲಸ ಬೇಕು.

ಊರಲ್ಲಿ ಎಲ್ಲರೂ ಅಂದುಕೊಂಡಿರುವುದು ನನಗೆ ಗೊತ್ತು: ಕರುಣವ್ವ ಉಳಿದಿದ್ದ ಒಂದೇ ಒಂದು ಸಲಾಯಿನ್ ಬಾಟಲಿಯನ್ನು ರೇವವ್ವನ ಮಗಳು ದುರಗವ್ವಗೆ ಹಚ್ಚಿದಳು, ತನ್ನ ತಮ್ಮನಿಗೇ ಉಳಿಯಲಿಲ್ಲ, ಆ ದುಃಖ. ಅಲ್ಲ. ಅದನ್ನು ನಾನು ಹೊರಬಲ್ಲೆ. ನೀನು ರೇವವ್ವನ ಅಂಗಳದಲ್ಲಿ ನಿಂತು, “ಅಕ್ಕಾ, ದಾನಿ ಎರಡು ಸಲ ವಾಂತಿ ಮಾಡ್ಯಾನ. ಆದ್ರ ಅಪ್ಪ ಹೇಳ್ಯಾನ, ಕೈಯಾಗಿನ ಕೆಲಸ ಮುಗಿಸೇ ಬರಲಿ, ಅದು ಆಕಿಗೆ ಬಂದ ಕರೆ ಅಂತ” ಎಂದಾಗ ಬಾಟಲಿ ಆಗಲೇ ಅರ್ಧ ಇಳಿದಿತ್ತು. ಆ ಹುಡುಗಿಯ ಕೈಯಿಂದ ಕಿತ್ತು ತರಲೇ? ಇವತ್ತು ಕೇಳಿದರೂ ಕಿತ್ತು ತರುವುದಿಲ್ಲ. ನವಲಗುಂದದಿಂದ ಬಾಟಲಿ ತರುತ್ತಿದ್ದ ಜೀಪು ಎರಿಮಣ್ಣಿನ ಕೆಸರಿನಲ್ಲಿ ಸಿಕ್ಕಿಬಿತ್ತು, ಅದಕ್ಕೆ ನಾನೇನು ಮಾಡಲಿ?

ಹೊರಲಾರದ್ದು ಬೇರೆ. ದಾನಿ ಹೊರಗಿನದು ಒಂದು ಹನಿ ಕುಡಿದಿರಲಿಲ್ಲ. ನಮ್ಮ ಹರವಿಗೆ ದಿನಾ ಶಿಲುಬೆ ಇತ್ತು, ನಾನೇ ನೋಡುತ್ತಿದ್ದೆ. ಕುದಿಸಿದ ನೀರು ಕುಡಿದವನಿಗೆ ರೋಗ ಎಲ್ಲಿಂದ ಬಂತು? ಬಾಕಿನಿಂದ ಬಾಕಿಗೆ ಹೋಗಿ ಆ ವಾಂತಿಯನ್ನೆಲ್ಲ ಬಳಿದವಳು ನಾನು. ಮನೆಗೆ ಬಂದು ಅವನಿಗೆ ತುತ್ತು ಮಾಡಿ ಕೊಟ್ಟವಳು ನಾನು. ನನ್ನ ಕೈಯಿಂದ ಬಂತು. ಬೇರೆ ದಾರಿ ಇಲ್ಲ, ಎಷ್ಟು ಸಲ ಲೆಕ್ಕ ಹಾಕಿದರೂ ಇಲ್ಲ.

ಈಗ ದಿನಕ್ಕೆ ಇಪ್ಪತ್ತು ಸಲ ಕೈ ತೊಳೆಯುತ್ತೇನೆ. ಬೆರಳ ಸಂದಿಯಲ್ಲಿ ಚರ್ಮ ಸುಲಿದಿದೆ. ಈ ಕೈ ಹಿಡಿದು ಮಕ್ಕಳ ಹತ್ತಿರ ಹೋಗಲಾರೆ. ನಮ್ಮ ಮನೆಗೂ ಬರಲಾರೆ.

ಅಪ್ಪನಿಗೆ ಇದನ್ನು ಓದಿ ಹೇಳಬೇಡ.

ಕರುಣಾ


ನಮ್ಮೂರು
೧೬ ಡಿಸೆಂಬರ್ ೧೯೮೫

ಸೋಪು-ಸಂಹಾರಿಣಿಯಾದ ಅಕ್ಕನವರಿಗೆ—

ಬಿರುದು ಚಿಕ್ಕದಾಯಿತು, ಕ್ಷಮಿಸು. ಗಿರಣಿಯ ಬೆಲ್ಟು ಹರಿದು ಬಿರುದುಗಳ ಉತ್ಪಾದನೆ ನಿಂತಿದೆ.

ನಿನ್ನ ಪತ್ರವನ್ನು ಒಂಬತ್ತು ಸಲ ಓದಿದೆ. ನಿನ್ನ ಕೈಯಿಂದ ಬಂದಿಲ್ಲ. ಹೇಗೆ ಗೊತ್ತೆಂದು ಕೇಳಬೇಡ, ಗಿರಣಿಯವರಿಗೆ ಎಲ್ಲಾ ಗೊತ್ತಿರುತ್ತದೆ. ಜಗತ್ತೆಲ್ಲ ನಮ್ಮ ಮುಂದೆ ಚೀಲ ಹಿಡಿದು ಪಾಳಿಯಲ್ಲಿ ನಿಲ್ಲುತ್ತದೆ.

ಈಗ ಒಂದು ರಹಸ್ಯ ಬಯಲು ಮಾಡುತ್ತೇನೆ. ದಾನಿ ಆ ವಾರ ಪೇರಲಹಣ್ಣು ತಿಂದಿದ್ದ. ಮೊರಬದ ಸಂತೆಯಿಂದ ನಾನೇ ತಂದಿದ್ದೆ. ತೊಳೆದಿರಲಿಲ್ಲ. ಎರಡು ಹಣ್ಣು. ಅದರಿಂದಲೇ ಬಂದಿರಬೇಕು. ಆಗ ಹೇಳಲು ಮರೆತೆ. ಆದ್ದರಿಂದ ಸರ್ವಜನರ ಸಮಕ್ಷಮ ಘೋಷಿಸುವುದೇನೆಂದರೆ, ಆರೋಪಿ ಕರುಣವ್ವ ನಿರ್ದೋಷಿ, ಆರೋಪಿ ಪೇರಲಹಣ್ಣಿಗೆ ಗಲ್ಲು. ಮೇಟ್ರನ್ ಅಮ್ಮನ ಕಡೆಯಿಂದ ಆ ಚೀಟಿ ತಿರುಗಿ ಇಸಿದುಕೋ.

(ಇಲ್ಲಿ ನಾಲ್ಕು ಸಾಲು ಹೊಡೆದು ಹಾಕಿದ್ದೇನೆ. ಬೆಳಕಿಗೆ ಹಿಡಿದು ಓದಲು ನೋಡಬೇಡ. ಮಸಿ ಚೆಲ್ಲಿತೆಂದು ತಿಳಿ.)

ಕ್ರಿಸ್ಮಸ್ ನಾಟಕದ ತಾಲೀಮು ನಡೆದಿದೆ. ಐದು ವರ್ಷದಿಂದ ಹೆರೋದ ರಾಜನ ಪಾರ್ಟು ನನ್ನದೇ ಅಲ್ಲವೇ, ಎಳೆ ಮಕ್ಕಳನ್ನು ಕಡಿಸುವ ರಾಜ? ಮೀಸೆ ಹಚ್ಚಿ ಬಂದರೆ ಊರೆಲ್ಲ ಸಿಳ್ಳು ಹಾಕುತ್ತಿತ್ತು. ಈ ವರ್ಷ ಒಲ್ಲೆ ಎಂದೆ. ಮಡಿವಾಳೆಪ್ಪ ಕಾಕಾ ಬಂದು, “ಯಾಕಲೇ, ನಿನ್ನಂಥಾ ಹೆರೋದ ಇಡೀ ತಾಲೂಕಿನಾಗ ಇಲ್ಲ!” ಎಂದ. ಅದಕ್ಕೇ ಒಲ್ಲೆ ಕಾಕಾ ಎಂದೆ. ಈ ಸಲ ಕುರಿಯಾಗುತ್ತೇನೆ. ಮಾತಿಲ್ಲ, ಕಂಬಳಿ ಹೊದ್ದು ಮೂಲೆಯಲ್ಲಿ ಕೂತರಾಯಿತು.

ಅಪ್ಪ ಚರ್ಚಿನಲ್ಲಿ ಪ್ರಸಂಗ ಮಾಡುವುದನ್ನು ಬಿಟ್ಟಿದ್ದಾನೆ. ರವಿವಾರ ಪಾಠ ಓದುತ್ತಾನೆ, ಪುಸ್ತಕ ಮುಚ್ಚುತ್ತಾನೆ, ಜನರನ್ನು ನೋಡುತ್ತಾನೆ, ಇಳಿಯುತ್ತಾನೆ. ಹೋದ ವಾರ ಮಡಿವಾಳೆಪ್ಪ ಕಾಕಾ, “ಉಪದೇಶಿಗಳ, ಒಂದೆರಡು ಮಾತು ಹೇಳ್ರಿ, ಅದನ್ನ ಕೇಳಾಕ ಬಂದೇವಿ” ಎಂದ. ಅಪ್ಪ ಪುಸ್ತಕವನ್ನು ಕಂಕುಳಲ್ಲಿ ಇಟ್ಟುಕೊಂಡು, “ನಾನೂ ಅದನ್ನ ಕೇಳಾಕ ಬಂದೇನಿ ಮಡಿವಾಳೆಪ್ಪ” ಎಂದ.

ಬಾ ಅಕ್ಕ. ಕುರಿ ನೋಡಲಾದರೂ ಬಾ.

ಸಮಾಧಾನ


ಹುಬ್ಬಳ್ಳಿ
೨ ಜನವರಿ ೧೯೮೬

ಸಮ್ಯಾ,

ಪೇರಲಹಣ್ಣು ಸುಳ್ಳು. ಆ ವಾರ ಮೊರಬದ ಸಂತೆಯೇ ಕೂಡಿರಲಿಲ್ಲ, ರೋಗದ ಅಂಜಿಕೆಗೆ ಬಂದ್ ಮಾಡಿದ್ದರು. ಮಣ್ಣು ಕೊಟ್ಟ ಮರುದಿನ ಅಪ್ಪ ಕೇಳಿದಾಗ ನೀನೇ ಬಾಗಿಲಲ್ಲಿ ನಿಂತು, “ಮನಿ ನೀರು, ಮನಿ ರೊಟ್ಟಿ ಬಿಟ್ಟು ಬ್ಯಾರೆ ಏನೂ ಬಾಯಾಗ ಹಾಕಿಲ್ಲ ಅಂವ” ಎಂದೆ. ಎದೆ ಬಡಿದುಕೊಂಡು ಹೇಳಿದೆ. ನನಗೆ ನೆನಪಿದೆ.

ನನ್ನನ್ನು ಉಳಿಸಲು ಸುಳ್ಳು ಹುಟ್ಟಿಸಬೇಡ. ನೀನು ಒಳ್ಳೆಯವನು, ಅದಕ್ಕೇ ಹೇಳುತ್ತಿದ್ದೇನೆ. ಸುಳ್ಳಿನ ಸಮಾಧಾನ ಎರಡು ದಿನ ಬರುತ್ತದೆ, ಮೂರನೆಯ ದಿನ ಮೊದಲಿಗಿಂತ ಕೆಟ್ಟದಾಗುತ್ತದೆ.

ಕ್ರಿಸ್ಮಸ್ ದಿನ ನಾನು ಪಾಳಿ ಕೇಳಿ ತಗೊಂಡೆ. ಮಾತ್ರೆ ಹಂಚುವ ಕೆಲಸ. ಮಕ್ಕಳ ವಾರ್ಡಿನ ಬಾಗಿಲ ತನಕ ಹೋದೆ, ಒಳಗಿನಿಂದ ಹಾಡು ಕೇಳಿಸುತ್ತಿತ್ತು. ತಟ್ಟೆಯನ್ನು ಹೊಸ್ತಿಲ ಮೇಲೆ ಇಟ್ಟು ಬಂದೆ.

ಕರೆ ಕರೆ ಎನ್ನುತ್ತಾನೆ ಅಪ್ಪ. ನನ್ನ ಹದಿನೆಂಟನೇ ವಯಸ್ಸಿಗೆ ತಲೆಯ ಮೇಲೆ ಕೈ ಇಟ್ಟು, “ಇದು ನೌಕರಿ ಅಲ್ಲವ್ವಾ, ದೇವರ ಕರೆ” ಎಂದು ಕಳಿಸಿದ್ದ. ಕರೆದವನು ಈಗ ಯಾಕೆ ಸುಮ್ಮನಿದ್ದಾನೆ ಎಂದು ಅಪ್ಪನನ್ನು ಕೇಳಬೇಕು. ಬೇಡ, ಕೇಳಬೇಡ. ಅವನಿಗೆ ಉತ್ತರ ಗೊತ್ತಿಲ್ಲದಿದ್ದರೆ ಇಬ್ಬರೂ ಮುಳುಗುತ್ತೇವೆ.

ಕರುಣಾ


ನಮ್ಮೂರು
೧೯ ಜನವರಿ ೧೯೮೬

ಕ್ರಿಸ್ತನಲ್ಲಿ ಪ್ರಿಯ ಮಗಳಾದ ಕರುಣಳಿಗೆ ಅಪ್ಪನು ಮಾಡುವ ಆಶೀರ್ವಾದ.

ನೀನು ಸಮಾಧಾನನಿಗೆ ಬರೆದ ಪತ್ರಗಳನ್ನು ನಾನು ಅವನ ಅಂಗಿಯ ಕಿಸೆಯಿಂದ ತೆಗೆದು ಓದಿದೆನು. ಉಪದೇಶಿಯಾದವನು ಮಾಡಬಾರದ ಕೆಲಸ. ಮಾಡಿದೆನು.

ಕರೆದವನು ಯಾಕೆ ಸುಮ್ಮನಿದ್ದಾನೆ ಎಂದು ಕೇಳಿದ್ದೀ. ಮಗಳೇ, ನನಗೆ ಗೊತ್ತಿಲ್ಲ. ಮೂವತ್ತೊಂದು ವರ್ಷ ಈ ಊರಲ್ಲಿ ಬೇರೆಯವರ ದುಃಖಕ್ಕೆ ಮಾತು ಹೇಳಿದೆನು. ಆ ಮಾತುಗಳನ್ನೆಲ್ಲ ಈಗ ನನಗೇ ಹೇಳಿಕೊಂಡು ನೋಡಿದೆನು. ಕೆಲವು ಬಹಳ ಹಗುರವಾಗಿದ್ದವು. ಜನರು ಹೇಗೆ ಸಹಿಸಿದರೋ.

ಚರ್ಚಿನ ಮರಣದ ದಫ್ತರದಲ್ಲಿ ದಾನಿಯೇಲನ ಹೆಸರನ್ನು ಇನ್ನೂ ಬರೆದಿಲ್ಲ. ಪ್ರತಿ ರವಿವಾರ ದಫ್ತರ ತೆಗೆಯುತ್ತೇನೆ, ಮಸಿಯಲ್ಲಿ ಲೇಖನಿ ಅದ್ದುತ್ತೇನೆ, ಮಸಿ ಒಣಗುತ್ತದೆ. ನಿನ್ನ ಅವ್ವನ ಹೆಸರನ್ನು ಅದೇ ದಿನ ಬರೆದಿದ್ದೆನು. ಆಗ ನಿರೀಕ್ಷೆ ಎಂಬುದು ನನಗೆ ಸುಲಭವಾಗಿ ಬರುತ್ತಿದ್ದ ಪದವಾಗಿತ್ತು.

ಒಂದು ಮಾತು ಹೇಳಬೇಕು. ರೇವವ್ವನ ಮನೆಯಿಂದ ನಿನ್ನನ್ನು ಕರೆಸದೆ, ಕೆಲಸ ಮುಗಿಸಿ ಬಾ ಎಂದು ಹೇಳಿ ಕಳಿಸಿದವನು ನಾನು. ಆ ಎರಡು ತಾಸು ನಿನ್ನದಲ್ಲ, ನನ್ನದು. ನಿನ್ನ ಕೈಯಿಂದ ಬಂತೋ ಎಲ್ಲಿಂದ ಬಂತೋ ದೇವರು ಬಲ್ಲನು. ನಿನ್ನ ಕೈಯಿಂದಲೇ ಬಂದಿದ್ದರೂ ಅದು ಸೇವೆ ಮಾಡಿದ ಕೈ.

ಈ ಮಾತೂ ಹಗುರವಾಯಿತೋ ಏನೋ.

ನಿನ್ನ ಅಪ್ಪ,
ಯೋಹಾನಪ್ಪ


ಹುಬ್ಬಳ್ಳಿ
೨೭ ಜನವರಿ ೧೯೮೬

ಅಪ್ಪಾ,

“ನಿನ್ನ ಕೈಯಿಂದಲೇ ಬಂದಿದ್ದರೂ” ಎಂದು ಬರೆದಿದ್ದೀ. ಅಂದರೆ ನಿನಗೂ ಹಾಗೇ ಅನಿಸಿದೆ.

ನಾನು ಚೆನ್ನಾಗಿದ್ದೇನೆ.

ಕರುಣಾ


ನಮ್ಮೂರು
೨೦ ಫೆಬ್ರುವರಿ ೧೯೮೬

ಅಕ್ಕಾವರಿಗೆ, ಯುವರಾಜರ ಕಚೇರಿಯಿಂದ ತುರ್ತು ಫರ್ಮಾನು—

ಅಪ್ಪನಿಗೆ ನೀನು ಬರೆದ ಮೂರು ಸಾಲು ತಲುಪಿದವು. ಅವನು ಅದನ್ನು ಮಡಿಸಿ ದಫ್ತರದಲ್ಲಿ ಇಟ್ಟ. ದಿನಾ ತೆಗೆದು ನೋಡುತ್ತಾನೆ. ಮೂರು ಸಾಲನ್ನು ಅಷ್ಟು ಹೊತ್ತು ಓದುವವನನ್ನು ನಾನು ಕಂಡಿಲ್ಲ. ನಾನು ಪಿ.ಯು.ಸಿ. ಪುಸ್ತಕವನ್ನು ಹಾಗೆ ಓದಿದ್ದರೆ ಈ ಹೊತ್ತಿಗೆ ತಹಶೀಲ್ದಾರ ಆಗಿರುತ್ತಿದ್ದೆ.

ಈಸ್ಟರ್ ಮುಂಚಿನ ಉಪವಾಸದ ನಲವತ್ತು ದಿನ ಶುರುವಾಗಿವೆ. ಗೋರಿಗಳ ಜಾಗದಲ್ಲಿ ಕಸ ಕೀಳುತ್ತಿದ್ದೇನೆ. ಗೌಡರು ಅಲ್ಲಿಗೆ ಹೋಗುವ ದಾರಿಯಷ್ಟನ್ನು ಈ ಸಲವೂ ಉಳದೆ ಬಿಟ್ಟಿದ್ದಾರೆ. ರೇವವ್ವ ದಿನಾ ಬರುತ್ತಾಳೆ. ಒಳಗೆ ಬರುವುದಿಲ್ಲ, ಬೇಲಿಯ ಆಚೆ ನಿಂತು ನಾನು ಕಿತ್ತ ಕಸವನ್ನು ಹೊತ್ತು ಹಾಕುತ್ತಾಳೆ. ಬ್ಯಾಡ ರೇವವ್ವ ಎಂದರೆ, “ನಿಮ್ಮಕ್ಕ ನನ್ನ ಮಗಳ ಜೀವಾ ಉಳಿಸಿದ್ಲು. ನಾ ಆಕಿ ತಮ್ಮನ ಬಾಟ್ಲಿ ತಿಂದೆ. ಕಸಾ ಹೊರಬ್ಯಾಡ ಅಂತಿಯೇನೋ ತಮ್ಮಾ?” ಎನ್ನುತ್ತಾಳೆ. ಈ ಊರಲ್ಲಿ ತಪ್ಪು ಮಾಡದವರೆಲ್ಲ ಪಾಳಿ ಹಚ್ಚಿ ತಪ್ಪು ಹೊರುತ್ತಿದ್ದಾರೆ.

ಮುಖ್ಯ ವಿಷಯ. ಈಸ್ಟರ್ ನಸುಕಿನಲ್ಲಿ ಅಪ್ಪ ಎಂದಿನಂತೆ ಗೋರಿಗಳ ನಡುವೆ ನಿಂತು ಹೆಸರು ಕೂಗುತ್ತಾನೆ. ನಿನಗೆ ಗೊತ್ತೇ ಇದೆ: ಸತ್ತವರ ಹೆಸರನ್ನು ಶಾಲೆಯ ಹಾಜರಿಯ ಹಾಗೆ ಒಂದೊಂದಾಗಿ ಕೂಗುವುದು, ಸಾಯುವಾಗ ಅವರ ಬಾಯಿಗೆ ನೀರು ಬಿಟ್ಟವರು “ಎದ್ದು ಬರ್ತಾರ್ರಿ” ಎಂದು ಅವರ ಪರವಾಗಿ ಉತ್ತರ ಕೊಡುವುದು. ನನ್ನ ಹತ್ತನೇ ವಯಸ್ಸಿನ ಪರಾಕ್ರಮ ನೆನಪಿದೆಯೇ? ಹೊಳೆಪ್ಪಜ್ಜನ ಗೋರಿಯ ಹಿಂದೆ ಕೂತು, ಅಪ್ಪ “ಹೊಳೆಪ್ಪ!” ಎಂದು ಕೂಗಿದ ಕೂಡಲೇ ದಪ್ಪ ಧ್ವನಿ ತೆಗೆದು “ಹಾಜರ್ರಿ ಸಾಹೇಬ್ರ!” ಎಂದಿದ್ದೆ. ಅರ್ಧ ಸಭೆ ಗೌಡರ ಜೋಳದ ಹೊಲದಲ್ಲಿ ಓಡಿತ್ತು. ಪುನರುತ್ಥಾನವನ್ನು ನಂಬುವ ಜನ ಅದು ಆದರೆ ಹೇಗೆ ಓಡುತ್ತಾರೆಂದು ಅಂದೇ ತೋರಿಸಿಕೊಟ್ಟೆ. ಅವ್ವ ಹೊಡೆದಳು. ನೀನು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದೆ.

ಈ ಸಲ ದಾನಿಯ ಹೆಸರನ್ನೂ ಕೂಗುತ್ತೇನೆ ಎಂದು ಅಪ್ಪ ನಿನ್ನೆ ಹೇಳಿದ. “ಆಕಿ ಬಂದು ಉತ್ತರ ಕೊಡಲಿ. ಆಮ್ಯಾಲೆ ದಫ್ತರದಾಗ ಬರಿತೇನಿ. ಆಕಿ ಕೊಡದ ನಾ ಬರಿಯಾಂಗಿಲ್ಲ.” ಚಮಚೆಯಿಂದ ಅವನ ಬಾಯಿಗೆ ಕೊನೆಯ ನೀರು ಬಿಟ್ಟವಳು ನೀನು. ಪದ್ಧತಿ ಪದ್ಧತಿಯೇ. ನೀನು ಬರಲೇಬೇಕು.

ಅಕ್ಕಾ, ಅಪ್ಪನಿಗೆ ಅದೊಂದೇ ಉಳಿದಿದೆ. ನೀನು ಬರದಿದ್ದರೆ ಅವನು ಆ ನಸುಕಿನಲ್ಲಿ ಏನಾಗುತ್ತಾನೋ ನನಗೆ ಗೊತ್ತಿಲ್ಲ. ಇದು ಚೇಷ್ಟೆ ಅಲ್ಲ.

ಸಮಾಧಾನ


ಹುಬ್ಬಳ್ಳಿ
೧೪ ಮಾರ್ಚ್ ೧೯೮೬

ಸಮ್ಯಾ,

ಬರುವುದಿಲ್ಲ.

ಮೂರು ಸಲ ಬಸ್ ಸ್ಟ್ಯಾಂಡಿನ ತನಕ ಹೋದೆ. ಹೋದ ಶನಿವಾರ ಕಂಡಕ್ಟರ್ ಗುಲಾಮಹುಸೇನ ಕಾಕಾ ತನ್ನ ಬಸ್ಸಿನ ಮೆಟ್ಟಿಲ ಮೇಲೆ ನಿಂತು, “ಏರವ್ವಾ ತಂಗಿ, ಕಿಡಕಿ ಬಾಜು ಕೂಡ್ರಸ್ತೀನಿ” ಎಂದ. ಒಂದು ಕಾಲು ಇಟ್ಟೆ. ಇಳಿದೆ. ಅವನು ಸೀಟಿ ಊದಲೇ ಇಲ್ಲ. ಜನ ಕೂಗಾಡಿದ ಮೇಲೆ ಬಸ್ಸು ಬಿಟ್ಟ.

ನಾನು ಏನೆಂದು ಉತ್ತರ ಕೊಡಲಿ? “ಎದ್ದು ಬರ್ತಾನ್ರಿ” ಎನ್ನಲೇ? ಎದ್ದು ಬಂದು ಅವನು ನನ್ನ ಕೈ ನೋಡಿದರೆ? ನಾನು ನಂಬುವುದಿಲ್ಲ ಎನ್ನುತ್ತಿಲ್ಲ. ನಂಬುತ್ತೇನೆ, ಅದೇ ಕಷ್ಟ. ನಂಬದಿದ್ದರೆ ಎಷ್ಟೋ ಹಗುರಾಗುತ್ತಿತ್ತು.

ನಿನ್ನೆ ಮೇಟ್ರನ್ ಅಮ್ಮ ಕರೆದು, “ನಿನ್ನಂಥಾ ಕೈ ಹತ್ತು ವರ್ಷಕ್ಕೊಮ್ಮೆ ಬರತಾವ” ಎಂದರು. ಎರಡೂ ಅಂಗೈ ತೆಗೆದು ತೋರಿಸಿದೆ. ಅವರು ಮುಖ ತಿರುಗಿಸಿದರು. ಅಷ್ಟು ಸುಲಿದಿವೆ.

ಏಪ್ರಿಲ್ ಹದಿನೈದು ಗಟ್ಟಿ. ಅಲ್ಲಿಯವರೆಗೆ ಔಷಧದ ಕೋಣೆಯಲ್ಲಿ ಬಾಟಲಿ ಎಣಿಸುತ್ತೇನೆ. ಆಮೇಲೆ ಏನೆಂದು ಕೇಳಬೇಡ. ಈಗ ಆಮೇಲೆ ಎಂಬುದರ ಕಡೆ ನೋಡಿದರೆ ಏನೂ ಕಾಣುವುದಿಲ್ಲ.

ದಾನಿಗೆ ನೀನೇ ಉತ್ತರ ಕೊಡು. ನೀನು ಅವನ ಅಣ್ಣ. ಮನೆಯಲ್ಲಿ ಅವನಿಗೆ ದಿನಾ ನೀರು ಕೊಟ್ಟವನು ನೀನೂ ಹೌದಲ್ಲ. ಪದ್ಧತಿ ಅಷ್ಟಕ್ಕೆ ಒಪ್ಪಿಕೊಳ್ಳುತ್ತದೆ.

ಅಪ್ಪನನ್ನು ಒಬ್ಬನನ್ನೇ ಬಿಡಬೇಡ.

ಕರುಣಾ


ನಮ್ಮೂರು
೩೦ ಮಾರ್ಚ್ ೧೯೮೬, ಈಸ್ಟರ್

ಅಕ್ಕಾ,

ಈಗಷ್ಟೇ ಗೋರಿಗಳಿಂದ ಬಂದೆವು. ಬಿಸಿಲು ಇನ್ನೂ ಅಂಗಳಕ್ಕೆ ಇಳಿದಿಲ್ಲ.

ಎಂಟೂ ಮನೆಯವರು ಬಂದಿದ್ದರು. ಗಾಳಿ ಬಹಳ, ಮೇಣದಬತ್ತಿಗಳು ಹಚ್ಚಿದ ಹಾಗೆಲ್ಲ ಆರುತ್ತಿದ್ದವು. ಹಸನಬಿ ಚಿಕ್ಕಮ್ಮ ಲಾಟೀನು ಕಳಿಸಿದ್ದಳು, ಅದೊಂದೇ ನಿಂತು ಉರಿಯಿತು. ಅಪ್ಪ ತೊಳೆದ ಧೋತರ ಉಟ್ಟಿದ್ದ. ನೀನು ಬರುತ್ತೀಯೆಂದು ದಾರಿಯ ಕಡೆಗೇ ಮುಖ ಮಾಡಿ ನಿಂತಿದ್ದ. ಮೊದಲ ಬಸ್ಸಿಗೆ ಇನ್ನೂ ಒಂದು ತಾಸಿದೆ ಎಂದು ಅವನಿಗೂ ಗೊತ್ತಿತ್ತು. ಆದರೂ ದಾರಿ ನೋಡುತ್ತಿದ್ದ.

ಹೆಸರು ಕೂಗತೊಡಗಿದ. ಹೊಳೆಪ್ಪಜ್ಜ. ಎದ್ದು ಬರ್ತಾರ್ರಿ, ಎಂದ ಮಡಿವಾಳೆಪ್ಪ ಕಾಕಾ. ಕೂಗಿದ್ದಕ್ಕೆ ಒಬ್ಬೊಬ್ಬರು ಉತ್ತರ ಕೊಟ್ಟರು. “ಸಣ್ಣವ್ವ” ಎಂದು ಅವ್ವನ ಹೆಸರು ಕೂಗಿದ, ತಾನೇ “ಎದ್ದು ಬರ್ತಾಳ” ಎಂದ. ಮೆಲ್ಲಗೆ ಎಂದ, ಪಕ್ಕದಲ್ಲೇ ನಿಂತವಳಿಗೆ ಹೇಳಿದ ಹಾಗೆ.

ಆಮೇಲೆ “ದಾನಿಯೇಲ” ಎಂದ.

ನಾನು ಬಾಯಿ ತೆರೆದೆ. ಅಕ್ಕಾ, ಆಣೆ ಮಾಡಿ ಹೇಳುತ್ತೇನೆ, ನಾಲಿಗೆಯ ತುದಿಗೆ ಬಂದದ್ದು ಆ ಹಳೆಯ “ಹಾಜರ್ರಿ ಸಾಹೇಬ್ರ” ಎಂಬ ಮಾತು. ಅದನ್ನು ನುಂಗಿದೆ. ಅದರ ಹಿಂದೆ ಇನ್ನೊಂದು ಮಾತು ಬಂತು. ಅದನ್ನೂ ನುಂಗಿದೆ. ಅಪ್ಪ ಎರಡನೆಯ ಸಲ “ದಾನಿಯೇಲ” ಎಂದು ಕೂಗಿದ. ಆ ಧ್ವನಿ ಉಪದೇಶಿಯದಾಗಿರಲಿಲ್ಲ, ಹೊತ್ತು ಮುಳುಗಿದರೂ ಆಟ ಬಿಟ್ಟು ಮನೆಗೆ ಬಾರದ ಮಗನನ್ನು ಕರೆಯುವವನದು. ನನ್ನ ಕಡೆ ನೋಡಿ, “ಸಮಾಧಾನ, ನೀ ಕೊಡಪಾ. ನೀರ ಕೊಟ್ಟಾಂವ ನೀನೂ ಹೌದು” ಎಂದ.

ನೀನೂ ಅದನ್ನೇ ಬರೆದಿದ್ದೆ. ಅವನೂ ಅದನ್ನೇ ಅಂದ.

ನನಗೆ ಬಾಯಿ ಬರಲಿಲ್ಲ. ಊರಿಗೆಲ್ಲ ಬಾಯಿ ಅನ್ನಿಸಿಕೊಂಡವನು ಕಲ್ಲಿನ ಹಾಗೆ ನಿಂತೆ. ಮೂರನೆಯ ಸಲ ಕೂಗಲು ಅವನಿಗೆ ಉಸಿರು ಸಾಲಲಿಲ್ಲ. ಆಗ ಬೇಲಿಯ ಆಚೆಯಿಂದ ರೇವವ್ವ, “ಎದ್ದು ಬರ್ತಾನ್ರಿ ಅಪ್ಪಾರ” ಎಂದಳು. “ನಾ ನಿಮ್ಮಾಕಿ ಅಲ್ಲ, ನನಗ ಹೇಳಾಕ ಬರತೈತೋ ಇಲ್ಲೋ ಗೊತ್ತಿಲ್ರಿ. ಆದ್ರ ಬರ್ತಾನ. ಬಂದಾಗ ಆ ಬಾಟ್ಲಿ ಲೆಕ್ಕಾ ನನ್ನ ಕೇಳಲಿ, ಆ ನರ್ಸವ್ವನ್ನ ಕೇಳೂದು ಬ್ಯಾಡ.”

ಅಪ್ಪ ಅಲ್ಲೇ ಅವ್ವನ ಗೋರಿಯ ಮೇಲೆ ಕೂತು ದಫ್ತರದಲ್ಲಿ ಬರೆದ. ಮಸಿ ತಂದಿರಲಿಲ್ಲ, ನನ್ನ ಕಿಸೆಯ ಪೆನ್ನು ಕೊಟ್ಟೆ. ಬರೆದ ಮೇಲೆ ಅತ್ತ, ಆರು ತಿಂಗಳಿನಲ್ಲಿ ಮೊದಲ ಸಲ. ಜನರೆಲ್ಲ ನೋಡುತ್ತಿರುವಾಗಲೇ ಅತ್ತ. ಆಮೇಲೆ ಎದ್ದು ಪ್ರಸಂಗ ಮಾಡಿದ. ಒಂದೇ ಮಾತು. “ಇವತ್ತ ನನ್ನ ನಿರೀಕ್ಷೆ ಬೇಲಿ ಆಚೆಯಿಂದ ಬಂತು. ಎಲ್ಲಿಂದ ಬಂದ್ರೂ ತಗೊಳ್ರಿ.”

ಎಲ್ಲರೂ ತಗೊಂಡು ಮನೆಗೆ ಹೋದರು. ನನಗೆ ತಗೊಳ್ಳಲು ಆಗಲಿಲ್ಲ. ಕೈ ಖಾಲಿ ಇರಲಿಲ್ಲ.

ಅಕ್ಕಾ, ಮೇಟ್ರನ್ ಅಮ್ಮನಿಂದ ಆ ಚೀಟಿ ತಿರುಗಿ ಇಸಿದುಕೋ. ಇವತ್ತೇ ಇಸಿದುಕೋ. ನಿನ್ನ ಕೈ ಸ್ವಚ್ಛ ಇವೆ. ಮೊದಲಿನಿಂದಲೂ ಇದ್ದವು. ಅವನ್ನು ಇನ್ನು ತೊಳೆಯಬೇಡ, ಔಷಧ ಹಚ್ಚಿ ಮಾಯಲು ಬಿಡು. ಮಕ್ಕಳ ವಾರ್ಡಿನ ಬಾಗಿಲು ದಾಟಿ ಒಳಗೆ ಹೋಗು.

ಈ ಪತ್ರವನ್ನು ಅಂಚೆಗೆ ಹಾಕುವುದಿಲ್ಲ. ಗುಲಾಮಹುಸೇನ ಕಾಕಾ ಮಧ್ಯಾಹ್ನದ ಬಸ್ಸಿಗೆ ತಂದು ನಿನ್ನ ಕೈಯಲ್ಲೇ ಕೊಡುತ್ತಾನೆ. ಕೊಟ್ಟ ಕೂಡಲೇ ಹೊರಟು ಬಾ ಕಾಕಾ, ಆಕೆ ಓದುವಾಗ ಮುಂದೆ ನಿಲ್ಲಬೇಡ ಎಂದು ಹೇಳಿದ್ದೇನೆ. ಅಪ್ಪ ಬಹಳ ದಿನಕ್ಕೆ ಕಣ್ಣು ಮುಚ್ಚಿ ಮಲಗಿದ್ದಾನೆ. ಎದ್ದ ಮೇಲೆ ಅವನಿಗೂ ಹೇಳುತ್ತೇನೆ. ಮೊದಲು ನಿನಗೆ.

ಸಮಾಧಾನ

ತಾ.ಕ.: ಸೆಪ್ಟೆಂಬರ್ ಹದಿನೇಳು, ಮಂಗಳವಾರ. ಒಲೆಯ ಹತ್ತಿಕಟ್ಟಿಗೆ ಹಸಿ ಇತ್ತು, ಎಷ್ಟು ಊದಿದರೂ ಹೊತ್ತಲಿಲ್ಲ. ಮೊರಬದಲ್ಲಿ ಹುಡುಗರು ಕಬಡ್ಡಿ ಇಟ್ಟುಕೊಂಡಿದ್ದರು, ಬಸ್ಸು ಬಂದು ನಿಂತಿತ್ತು. ಕೆರೆಯ ನೀರನ್ನು ಹಾಗೇ ಹರವಿಗೆ ಸುರಿದೆ, ಬೆರಳನ್ನು ಸುಣ್ಣದಲ್ಲಿ ಅದ್ದಿ ಶಿಲುಬೆ ಬರೆದೆ. ನೀನೂ ಅಪ್ಪನೂ ಚರ್ಚಿನಲ್ಲೇ ಇದ್ದಿರಿ. ಸಂಜೆ ಬಂದು ಉಳಿದದ್ದನ್ನು ಚೆಲ್ಲಿ ಬೇರೆ ಕುದಿಸಿದರಾಯಿತು ಎಂದುಕೊಂಡೆ. ಹಾಗೇ ಮಾಡಿದೆ ಕೂಡ. ಹೊರಡುವಾಗ ದಾನಿ ತಂಬಿಗೆ ಹಿಡಿದು ಬಂದ. “ಕುದಿಸಿಯೇನೋ ಅಣ್ಣಾ?” ಎಂದ. “ಶಿಲುಬಿ ಕಾಣಾಂಗಿಲ್ಲೇನಲೇ?” ಎಂದೆ. ನೋಡಿದ. ಕುಡಿದ.